ತಿದ್ದಿದ ಹನ್ನೊಂದು ಸ್ವರ

ಮಾರ್ಚ್ 14, ಗುರುವಾರ

ಪ್ರೀತಿಯ ತಮ್ಮಾ,

ನಗಬೇಡ. ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಗಿಟಾರ್ ಕಲಿಯುತ್ತಿದ್ದೇನೆ, ಅದೂ ನಿನ್ನ ಗಿಟಾರಿನಲ್ಲಿ. ನೀನು ಅಟ್ಟದ ಮೇಲೆ ಬಿಟ್ಟುಹೋದದ್ದನ್ನು ಇಳಿಸಿದಾಗ ತಂತಿಗಳೆಲ್ಲ ತುಕ್ಕು ಹಿಡಿದಿದ್ದವು; ಮರ ಮಾತ್ರ ಚೆನ್ನಾಗಿತ್ತು. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಸಂಗೀತ ಪುಸ್ತಕಗಳ ಕರಡು ತಿದ್ದಿದವಳಿಗೆ ಸ್ವರಲಿಪಿ ಓದಲು ಬರುತ್ತದೆ, ನುಡಿಸಲು ಬಾರದು. ಅಡುಗೆ ಪುಸ್ತಕ ಓದಿ ಹೊಟ್ಟೆ ತುಂಬಿಸಿಕೊಳ್ಳುವವಳು ಎಂದು ನೀನೇ ನನ್ನನ್ನು ಅಣಕಿಸುತ್ತಿದ್ದೆ.

ಪಾಠ ಹೇಳುವವಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅವಳ ಕೋಣೆ ಟೈರ್ ಅಂಗಡಿಯ ಮೇಲಿದೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ನೆಲವೆಲ್ಲ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಅವಳು ಅದನ್ನು ಬೈಯುವುದಿಲ್ಲ. ಗಿಟಾರನ್ನು ಅದಕ್ಕೇ ಶ್ರುತಿ ಮಾಡಿಕೊಳ್ಳುತ್ತಾಳೆ. ಮೊದಲ ಮೂರು ತಿಂಗಳು ಬರೀ ಬ್ಲೂಸ್, ನಿನಗೆ ಗೊತ್ತಲ್ಲ, ಅಮೆರಿಕದ ಕಪ್ಪು ಜನರ ನೋವಿನ ಹಾಡಿನ ಧಾಟಿ. ಐದಾರು ಸ್ವರ, ಅಷ್ಟೇ. ತಂತಿಯನ್ನು ಬೆರಳಲ್ಲಿ ತುಸು ಎಳೆದು ಎರಡು ಸ್ವರಗಳ ನಡುವೆ ಎಲ್ಲೋ ನಿಲ್ಲಿಸಬೇಕು. ಕರಡು ತಿದ್ದುವವಳಿಗೆ ಆ ‘ಎಲ್ಲೋ’ ಎಂಬುದೇ ಸಂಕಟ.

ನಾಲ್ಕನೆಯ ತಿಂಗಳು ಅವಳು ಅದೇ ಬ್ಲೂಸ್ ತುಣುಕನ್ನು, ಬೆರಳುಗಳ ಆಕಾರ ಬದಲಿಸದೆ, ಗಿಟಾರಿನ ಒಂದು ಫ್ರೆಟ್‌ನಷ್ಟು, ಒಂದೇ ಮೆಟ್ಟಿಲು, ಮೇಲಕ್ಕೆ ಜಾರಿಸಿ ನುಡಿಸಿದಳು. ಪ್ರತಿ ಸ್ವರವೂ ಕೆಳಗಿನ ಗುಂಯ್‌ಕಾರಕ್ಕೆ ತಗುಲಿ ಕಚ್ಚಿತು. ನಾನು ಮುಖ ಹಿಂಡಿದೆ. ಆಮೇಲೆ ಅವಳು ಅವಸರವಿಲ್ಲದೆ, ತಾಳದ ಸರಿಯಾದ ಪೆಟ್ಟಿಗೆ, ಹಳೆಯ ಜಾಗಕ್ಕೆ ಇಳಿದಳು. ಅದೇ ಹಳೆಯ ಸ್ವರ. ಆದರೆ ಅದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

“ಇದಕ್ಕೆ ಹೊರಗೆ ಹೋಗೋದು ಅಂತೀವಿ, ಮೇಡಂ. ತಪ್ಪಾಯ್ತು ಅಂತ ಮುಖ ಯಾಕೆ ಸಪ್ಪಗೆ ಮಾಡ್ಕೋತೀರಾ? ಬೇಕು ಅಂತ್ಲೇ ಹೋಗಿ. ವಾಪಸ್ ಬರೋದು ಗೊತ್ತಿದ್ರೆ ಸಾಕು” ಎಂದಳು.

ಲಿಫ್ಟ್ ರಿಪೇರಿಗೆ ಸೇರಿದ ಹೊಸತರಲ್ಲಿ ನೀನು ಹೇಳಿದ್ದು ನೆನಪಾಯಿತು: ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಹೆದರುವುದು ಬೀಳುತ್ತೇವೆಂದಲ್ಲ, ಯಾವ ಮಹಡಿಯಲ್ಲೂ ಇಲ್ಲವಲ್ಲ ಎಂದು.

ಹೊರಗಿನ ಸ್ವರಗಳು ಯಾವುವೆಂದು ತಿಳಿಯಲು ನಾನು ಪಾಠದ ಹಾಳೆಯಲ್ಲಿ ಅವುಗಳ ಅಡಿಗೆ ಪೆನ್ಸಿಲಿನಿಂದ ಚುಕ್ಕೆ ಇಟ್ಟುಕೊಂಡೆ. ನಮ್ಮ ಕಸುಬಿನ ಗುರುತು: ಅಡಿಯಲ್ಲಿ ಚುಕ್ಕೆ ಇದ್ದರೆ ತಿದ್ದಬೇಡ, ಇದ್ದ ಹಾಗೇ ಇರಲಿ. ಅವಳಿಗೆ ಅದು ಬಹಳ ಹಿಡಿಸಿತು.

ಕಳೆದ ಶನಿವಾರ ಗಿಟಾರಿನ ಪೆಟ್ಟಿಗೆಯ ಜೇಬಿಗೆ ಅವಳು ಕೈಹಾಕಿದಾಗ ನಿನ್ನ ನೋಟ್‌ಬುಕ್ ಸಿಕ್ಕಿತು. ಕಾಗೆಕಾಲು ಗುಬ್ಬಿಕಾಲಿನ ಹನ್ನೆರಡು ತುಣುಕು. ಅವಳು ಏಳನೆಯದನ್ನು ನುಡಿಸತೊಡಗಿದಳು. ಬ್ಲೂಸಿನ ನಾಲ್ಕು ಸ್ವರ, ನಂತರ ನೆಲವಿಲ್ಲದ ಕಡೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅಷ್ಟರಲ್ಲಿ ಕೆಳಗಿನ ಯಂತ್ರ ನಿಂತುಹೋಯಿತು. ಅವಳು ನಿಲ್ಲಲಿಲ್ಲ. ಕೊನೆಯ ಸ್ವರಕ್ಕೆ ಬಂದು ಇಳಿದಾಗ, ನಿಂತುಹೋಗಿದ್ದ ಯಂತ್ರ ಮತ್ತೆ ಕೇಳಿಸಿದಂತಾಯಿತು. ನನ್ನ ಕೈಗಳು ಮಡಿಲಲ್ಲಿ ಬೇರೆ ಯಾರದೋ ಕೈಗಳಂತೆ ಬಿದ್ದಿದ್ದವು.

“ಯಾರ್ರೀ ಬರೆದದ್ದು ಇದು?”

“ನನ್ನ ತಮ್ಮ. ಆಗ ಹತ್ತೊಂಬತ್ತು ವರ್ಷ.”

“ಈಗ ಎಲ್ಲಿ ನುಡಿಸ್ತಾರೆ?”

“ಲಿಫ್ಟ್ ರಿಪೇರಿ ಮಾಡ್ತಾನೆ” ಅಂದೆ. ತಮಾಷೆ ಅಂದುಕೊಂಡು ನಕ್ಕಳು.

ಇನ್ನು ಹೇಳಬೇಕಾದದ್ದು ಹೇಳುತ್ತೇನೆ. ನೀನು ಗಿಟಾರ್ ನುಡಿಸಲು ಸೇರಬೇಕೆಂದಿದ್ದ ಆ ವಾದ್ಯತಂಡದ ಮುಖ್ಯಸ್ಥ ಹನ್ನೆರಡು ತುಣುಕು ಬರೆದು ಕಳಿಸಿ ಎಂದಾಗ ಶುದ್ಧ ಪ್ರತಿ ಮಾಡಿ ಅಂಚೆಗೆ ಹಾಕಿದವಳು ನಾನು. “ಅಕ್ಕಾ, ನನ್ನ ಅಕ್ಷರ ನೋಡಿದ್ರೆ ಗಿಟಾರ್ ಅಲ್ಲ, ಔಷಧಿ ಅಂಗಡಿಗೆ ಕಳಿಸ್ತಾರೆ” ಎಂದು ನೀನೇ ನನ್ನ ಮೇಜಿನ ಮೇಲೆ ಇಟ್ಟು ಹೋದೆ. ಬರೆಯುತ್ತಾ ಹನ್ನೊಂದು ಕಡೆ ಸ್ವರ ಶ್ರೇಣಿಯಿಂದ ಹೊರಗೆ ಬಿದ್ದದ್ದು ಕಂಡಿತು. ಅವಸರದಲ್ಲಿ ಬರೆದದ್ದೆಂದು ಎಲ್ಲವನ್ನೂ ತಿದ್ದಿದೆ. ಏಳನೆಯದರಲ್ಲೇ ನಾಲ್ಕು.

ಅವರ ಉತ್ತರ ನಿನಗೂ ಬಾಯಿಪಾಠ: “ಒಂದು ತಪ್ಪೂ ಇಲ್ಲ. ಅದೇ ತೊಂದರೆ.” ನೀನು ಅದನ್ನು ಎರಡು ಸಲ ಓದಿ, “ನಿನ್ನ ಕೈಬರಹಕ್ಕೆ ನೂರಕ್ಕೆ ನೂರು ಅಕ್ಕಾ, ನನ್ನ ಕೈಗೆ ಸೊನ್ನೆ” ಎಂದು ನಕ್ಕೆ. ನಾನೂ ನಕ್ಕೆ. ಆ ತಂಡ ನೀನಿಲ್ಲದೆಯೇ ಎರಡು ವರ್ಷದ ಪ್ರವಾಸಕ್ಕೆ ಹೊರಟಿತು. ಅಮ್ಮ ತೀರಿಕೊಂಡ ವರ್ಷ ಅದು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಸೊನ್ನೆ ನಿನ್ನದಲ್ಲ. ಇಪ್ಪತ್ತಾರು ವರ್ಷ ತಡವಾಗಿ ಹೇಳುತ್ತಿದ್ದೇನೆ. ನೋಟ್‌ಬುಕ್ ಇದರ ಜೊತೆಗಿದೆ. ಶನಿವಾರ ನಾಲ್ಕು ಗಂಟೆಗೆ ನನ್ನ ಪಾಠ. ಗಿಟಾರಿಗೆ ಹೊಸ ತಂತಿ ಹಾಕಿಸಿದ್ದೇನೆ. ನೀನು ಬಂದರೆ ಒಂದು ಮೂಲೆಯಲ್ಲಿ ಕೂತು ಕೇಳುತ್ತೇನೆ. ಬಾರದಿದ್ದರೆ ಯಾಕೆಂದು ಕೇಳುವುದಿಲ್ಲ.

ಇನ್ನೂ ಹಾಗೆ ಕರೆಸಿಕೊಳ್ಳಬಹುದಾದರೆ,
ನಿನ್ನ ಅಕ್ಕ

ತಾ.ಕ.: ಅವಸರದಲ್ಲಿ ಬರೆದದ್ದೆಂದು ತಿದ್ದಿದೆ ಎಂದು ಮೇಲೆ ಬರೆದಿದ್ದೇನೆ. ಏಳನೆಯ ತುಣುಕಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಆ ನಾಲ್ಕು ಸ್ವರಗಳ ಅಡಿಯಲ್ಲಿ, ನನ್ನಿಂದಲೇ ಕಲಿತು ನೀನು ಇಟ್ಟಿದ್ದ ಚುಕ್ಕೆಗಳ ಕುಳಿ ಇನ್ನೂ ಇದೆ. ಅಂದು ನಾನು ಉಜ್ಜಿದ ರಬ್ಬರಿಗೆ ಪೆನ್ಸಿಲು ಮಾತ್ರ ಹೋಯಿತು.