ಜಗಲಿಗೆ ಬಂದ ಚೌಡಿ

12 ನವೆಂಬರ್ 2005, ಶನಿವಾರ
ಪೂಜೆ ಆಯಿತು. ತಿಂಡಿ ಆಯಿತು. ಮೈದುನ ದಿಲೀಪ ಬಣಕಲ್‌ನಲ್ಲಿ ಬೋರ್ಡು ಬರೆಸಿ ತಂದ. ತೋಟದ ಮೇಲುಗಡೆ ಇರುವ ಅವನ ಬಂಗಲೆ ಇನ್ನು ‘ರಿಟ್ರೀಟ್’ ಅಂತೆ.
“ಹಂಗಂದ್ರೆ ಏನೋ?”
“ಪೇಟೆಯವ್ರು ಎಲ್ಲ ಬಿಟ್ಟು ಬಂದು ಸುಮ್ನೆ ಕೂರೋ ಜಾಗ, ಅತ್ತಿಗೆ.”
ಮುಟ್ಟಾದಾಗ ಮೂರು ಮೂರು ದಿನ ಸೌದೆ ಕೊಟ್ಟಿಗೆಯಲ್ಲಿ ಸುಮ್ಮನೆ ಕೂತವಳು ನಾನು. ಯಾರೂ ಬೋರ್ಡು ಹಾಕಲಿಲ್ಲ.

15, ಮಂಗಳವಾರ
ಹಲಸಿನ ಬುಡದಲ್ಲಿ ತೋಟ ಕಾಯುವ ಚೌಡಿಯ ಕಲ್ಲಿಲ್ಲ! ಕುಂಕುಮ ಹಿಡಿದು ಹೋದವಳು ಬರೀ ಗುಂಡಿ ನೋಡುತ್ತ ನಿಂತೆ. ಕಲ್ಲು ಮೇಲಿನ ಬಂಗಲೆಯ ಜಗಲಿಯಲ್ಲಿ ಸಿಕ್ಕಿತು. ಗೆಸ್ಟುಗಳು ಎದುರು ಕೂತು ಧ್ಯಾನ ಮಾಡಲಿ ಎಂದು ದಿಲೀಪ ಕೀಳಿಸಿದ್ದಾನೆ. ಬ್ರಷ್ ಹಾಕಿ ಉಜ್ಜಿಸಿದ್ದಾನೆ. ನಮ್ಮತ್ತೆ ಹಚ್ಚಿದ್ದ ಕುಂಕುಮವೂ ಹೋಯಿತು. ಹಿಡಿದು ಹೋದ ಕುಂಕುಮ ಹಾಗೇ ವಾಪಸು ತಂದೆ.

17, ಗುರುವಾರ
ಇವತ್ತು ಕಾಫಿ ಕೊಯ್ಲು ಶುರುವಾಗಬೇಕಿತ್ತು. ಚೌಡಿಗೆ ಪೂಜೆ ಮಾಡದೆ ಯಾರೂ ಹಣ್ಣು ಮುಟ್ಟುವುದಿಲ್ಲ. ಕೊಯ್ಯುವ ಹೆಂಗಸರು ಗೇಟಿನಲ್ಲೇ ನಿಂತರು.
“ಅಮ್ಮ ಇಲ್ದಿರೋ ತೋಟಕ್ಕೆ ನಾವು ಇಳಿಯಲ್ಲ” ಎಂದಳು ತಿಮ್ಮಮ್ಮ. “ಕಾಲಿಗೆ ಹಾವು ಸುತ್ಕಂಡ್ರೆ ದಿಲೀಪಯ್ಯ ಬಂದು ಬಿಡಿಸ್ತಾರಾ?”
ದಿಲೀಪ ನನ್ನ ಹತ್ತಿರ ಬಂದ. “ಜಗಲೀಲೇ ಪೂಜೆ ಮಾಡಿದ್ರೆ ಸಾಕು ಅಂತ ನೀವೊಂದು ಮಾತು ಹೇಳಿ, ಅತ್ತಿಗೆ. ನಿಮ್ಮ ಮಾತು ಕೇಳ್ತಾರೆ.”
ಹೇಳುವುದಿಲ್ಲ ಎಂದೆ.
ನಮ್ಮವರು ಶುರು ಮಾಡಿದರು: “ಅಣ್ಣತಮ್ಮಂದಿರ ಮಧ್ಯ ಜಗಳ ಯಾಕೆ ಮಾರಾಯ್ತಿ? ನೀನೇ ಒಂದು ಹೆಜ್ಜೆ ಹಿಂದೆ ಸರಿ.”
ಯಾವಾಗಲೂ ನಾನೇ!
ಮಗಳು ದೀಪಶ್ರೀ ಡಿಕ್ಷನರಿ ತೆಗೆದಳು. ದಂಡು ಸೋತು ಹಿಂದೆ ಬರುವುದಕ್ಕೂ ರಿಟ್ರೀಟ್ ಎನ್ನುತ್ತಾರಂತೆ.
“ಹಂಗಾದ್ರೆ ಬೋರ್ಡಿಗೆ ನಿಮ್ಮಪ್ಪನ ಹೆಸರು ಹಾಕ್ಬೇಕಿತ್ತು” ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ.

19, ಶನಿವಾರ
ಹಣ್ಣು ಉದುರುತ್ತಿದೆ. ಮೊದಲ ಗೆಸ್ಟುಗಳು ಬಂದರು. ಹೋಗಿ ನೋಡಿದೆ. ತಾಯಿಯ ತಲೆಯ ಮೇಲೆ ಯಾರದೋ ಒದ್ದೆ ಕಾಲುಚೀಲ. ಒಣಗಲು ಹಾಕಿದ್ದಾರೆ.

20, ಭಾನುವಾರ, ಬೆಳಗ್ಗೆ ಆರು
ಸ್ನಾನ ಆಯಿತು. ತಿಮ್ಮಮ್ಮ ಗೋಣಿ, ಹಗ್ಗ ತಂದು ಅಂಗಳದಲ್ಲಿ ನಿಂತಿದ್ದಾಳೆ. ನಮ್ಮವರು ಬಾಗಿಲಿಗೆ ಅಡ್ಡ ಬಂದರು.
“ಎಲ್ಲಿಗೆ?”
“ತಾಯೀನ ಕರ್ಕೊಂಡ್ ಬರಕ್ಕೆ.”
ನಮ್ಮವರು ಪಕ್ಕಕ್ಕೆ ಸರಿದರು. ಮೇಲಿನ ಜಗಲಿಯಲ್ಲಿ ದಿಲೀಪ ಸೊಂಟದ ಮೇಲೆ ಕೈಯಿಟ್ಟು ನಿಂತಿರುವುದು ಇಲ್ಲಿಗೇ ಕಾಣುತ್ತಿದೆ. ನಿಲ್ಲಲಿ. ಕಲ್ಲು ಇಬ್ಬರು ಹೆಂಗಸರಿಗೆ ಏಳುವುದಿಲ್ಲ, ಅದು ನಮ್ಮವರಿಗೂ ಗೊತ್ತು. ಈಗ ಚಪ್ಪಲಿ ಹುಡುಕುತ್ತಿದ್ದಾರೆ. ನಮ್ಮ ಜೊತೆ ಬರುವುದಕ್ಕೋ, ಇಲ್ಲಾ ತಮ್ಮನ ಪಕ್ಕ ನಿಲ್ಲುವುದಕ್ಕೋ—