ಶ್ರಾವಣದಲ್ಲಿ ಹಿಡಿದ ಮೌನ

೧೨-೬-೮೬, ಗುರುವಾರ

ರೊಟ್ಟಿ ಮುಗಿಸಿ, ಎಮ್ಮೆಗೆ ನೀರಿಟ್ಟು, ಉಂಡ ಮೇಲೆ ಕ್ಯಾಪ್ಸೂಲು. ಮೈ ಭಾರ. ಮುಟ್ಟು ನಿಂತೇಬಿಟ್ಟಿದೆ — ಅದನ್ನು ನಿಲ್ಲಿಸೋದೇ ಈ ಔಷಧಿಯ ಕೆಲಸವಂತೆ. ಗರ್ಭಚೀಲದ ಹೊರಗೆ ಬೆಳೆದದ್ದು ಒಣಗಬೇಕು, ಕೂಸಿನ ಮಾತು ಆಮೇಲೆ. ಹುಬ್ಬಳ್ಳಿ ಡಾಕ್ಟರಬಾಯಿ ಇನ್ನೊಂದೂ ಹೇಳಿದ್ದರು: "ದನಿ ಒಡದ್ರ ಗುಳಿಗಿ ಬಿಟ್ಟು ಬಂದುಬಿಡವಾ. ಹೋದ ದನಿ ಹೊಳ್ಳಿ ಬರೂದಿಲ್ಲ." ಅತ್ತೆ ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನೂ ಹೇಳಲಿಲ್ಲ.

೨೦-೬

ಓಣಿಯ ಶಾರದವ್ವನ ಮೊಮ್ಮಗನಿಗೆ ಹೆಸರಿಟ್ಟರು. ಕರೆ ಬಂತು. ತೊಟ್ಟಿಲ ಹಗ್ಗಕ್ಕೆ ನಾನು ಕೈ ಹಚ್ಚುವಂತಿಲ್ಲ. ಜೋಗುಳದ ಪದ ಎತ್ತೋದು ಮಾತ್ರ ನಾನೇ. ಬಾಗಿಲ ಚೌಕಟ್ಟಿಗೆ ನಿಂತು ಎತ್ತುತ್ತೇನೆ, ತೊಟ್ಟಿಲ ಸುತ್ತ ಇದ್ದವರು ಹಿಂದೆ ಹಿಡಿಯುತ್ತಾರೆ. ಹಡೆಯದವಳನ್ನು ಆ ಕೋಣೆಗೆ ಬಿಡೋದೇ ಈ ದನಿಗಾಗಿ. ಗೊತ್ತಿದೆ. ಆದರೂ ಓಡಿ ಹೋಗುತ್ತೇನೆ, ಮಾನಗೇಡಿ.

ಇವತ್ತು ಮೇಲಿನ ಸಾಲಿಗೆ ಏರುವಾಗ ದನಿ ಜಾರಿತು. "ಥಂಡಿ ಆಗೇತೇನ ರೇಣವ್ವಾ? ಜ್ಯೇಷ್ಠಮಧು ಬಾಯಾಗ ಇಟಗೋ" ಅಂದಳು ಶಾರದವ್ವ. ಥಂಡಿ ಅಂದೆ.

೯-೭

ಜ್ಯೇಷ್ಠಮಧು, ಹಿಪ್ಪಲಿ, ಅರಿಷಿಣದ ಹಾಲು — ಏನೂ ನಾಟಲಿಲ್ಲ. ಥಂಡಿಯಲ್ಲ ಅಂತ ನನಗೆ ಗೊತ್ತಿಲ್ಲವೇ...

ಮಧ್ಯಾಹ್ನ ಅಬ್ದುಲಮಜೀದ ಬಾಗಿಲಲ್ಲಿ ಕೂಗಿದ. ಇವರ ಜೊತೆ ಗುಡಗೇರಿಯಲ್ಲಿ ಕಾಳಿನ ವ್ಯಾಪಾರ ಮಾಡುವವ. ಒಳಗಿನಿಂದಲೇ, "ಅವರು ಮನ್ಯಾಗಿಲ್ಲರಿ, ಸಂತಿಗೆ ಹೋಗ್ಯಾರ" ಅಂದೆ.

"ಚಾಷ್ಟಿ ಸಾಕಲೇ ಬಸವಣ್ಣೆಪ್ಪಾ, ಹೊರಗ ಬಾ."

ಹೊರಗೆ ಹೋದೆ. ಇವರ ದನಿ ಅಂದುಕೊಂಡಿದ್ದವ ನನ್ನ ನೋಡಿ ಪೆಚ್ಚಾದ. "ಮಾಫ್ ಮಾಡ್ರಿ ವೈನಿ" ಅಂದು ಹೋದ. ಪಾಪ, ಅವನದೇನು ತಪ್ಪು. ಒಲೆ ಮುಂದೆ ಕೂತು ಅತ್ತುಬಿಟ್ಟೆ. ಅಳುವ ದನಿಯೂ ನನ್ನದಲ್ಲ.

೫-೮, ನಾಗರ ಅಮವಾಸ್ಯೆ

ಬರುವ ವಾರ ಹುಬ್ಬಳ್ಳಿ. ದನಿ ಕೇಳಿದರೆ ಡಾಕ್ಟರಬಾಯಿ ಔಷಧಿ ಬಿಡಿಸುತ್ತಾರೆ. ಅರ್ಧಕ್ಕೆ ಬಿಟ್ಟರೆ ದನಿಯೂ ಹೋಯಿತು, ಕೂಸೂ ಹೋಯಿತು. ಕೋರ್ಸ್ ಮುಗಿಸಿದರೆ ಒಂದಾದರೂ... ನನ್ನ ತೊಟ್ಟಿಲಿಗೆ ಯಾರು ಬೇಕಾದರೂ ಹಾಡಲಿ, ಹಗ್ಗ ಹಿಡಿಯೋ ಕೈ ನನ್ನದಾದರೆ ಸಾಕು.

ದೀಪ ಹಚ್ಚಿ ಅತ್ತೆಗೆ ಹೇಳಿದೆ — ನಾಳೆಯಿಂದ ಶ್ರಾವಣ ಮುಗಿಯುವವರೆಗೆ ಮೌನ. ಮಕ್ಕಳ ಫಲಕ್ಕೆ.

ಅತ್ತೆಯ ಕಣ್ಣು ತುಂಬಿತು. "ಛಲೋ ಆತವಾ. ದೇವರು ಕಣ್ಣ ತೆರೀತಾನ."

ದೇವರ ಹೆಸರಲ್ಲಿ ಸುಳ್ಳು. ಇನ್ನೇನು ಮಾಡಲಿ.

೧೩-೮

ದವಾಖಾನೆ. "ಏನರ ತ್ರಾಸ ಐತೇನವಾ? ದನಿ?" ತುಟಿ ಮೇಲೆ ಬೆರಳಿಟ್ಟೆ.

ಅತ್ತೆಯೇ ಹೇಳಿದರು: "ಮೌನ ಹಿಡದಾಳ್ರಿ ಬಾಯಾರ. ಎಲ್ಲಾ ಆರಾಮ ಐತ್ರಿ. ಒಂದೀಟ ಥಂಡಿ ಆಗಿತ್ತು."

ಡಾಕ್ಟರಬಾಯಿ ನನ್ನ ಮುಖ ನೋಡಿದರು, ಹೊರಗೆ ಕಾದವರ ಪಾಳಿ ನೋಡಿದರು. ಅದೇ ಗುಳಿಗೆ ಬರೆದುಕೊಟ್ಟರು.

ಓಣಿಯಲ್ಲಿ ನನ್ನ ಹೊಗಳಿದ್ದೇ ಹೊಗಳಿದ್ದು. ಇವರೊಬ್ಬರೇ ಏನೂ ಅನ್ನೋದಿಲ್ಲ. ಆ ದಿನ ಬಾಗಿಲಲ್ಲಿ ಆದದ್ದನ್ನು ಅಬ್ದುಲಮಜೀದ ಹೇಳಿರಬೇಕು.

೧೭-೧೦

ಮೌನ ಬಿಟ್ಟು ಬಹಳ ದಿನವಾಯಿತು. ಮಾತೇ ಬೇಡವೆನಿಸುತ್ತದೆ. ಮೇಲ್ದುಟಿಯ ಕೂದಲು ಕಾಣದಂತೆ ಸೆರಗು ಎಳೆದುಕೊಂಡು ಹುಬ್ಬಳ್ಳಿಗೆ ಹೋಗಿ ಬಂದೆ. ನನ್ನ ಮೊದಲ ಮಾತಿಗೇ ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು.

"ಶ್ರಾವಣದಾಗ ಬಂದಾಗನೂ ಹಿಂಗ ಇತ್ತೇನು?"

"ಹೌದ್ರಿ."

"ಆವಾಗನ ಬಿಟ್ಟಿದ್ರ ಇಷ್ಟು ಹೋಗ್ತಿದ್ದಿಲ್ಲವಾ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಗುಳಿಗೆ ಇವತ್ತಿಗೆ ಬಂದ್. ಎಲ್ಲ ಕೇಳಿದ ಅತ್ತೆ ಬಸ್ಸಿನಲ್ಲಿ ನನ್ನ ಪಕ್ಕ ಬಿಟ್ಟು ಮುಂದಿನ ಸೀಟಿನಲ್ಲಿ ಕೂತರು.

೪-೧೨

ಮುಟ್ಟಾದೆ. ಮೊದಲಿನಷ್ಟೇ ನೋವು. ಹಾಗಾದರೆ ಒಣಗಿದ್ದೇನು? ನನ್ನ ಗಂಟಲೊಂದೇ?

೧೧-೨-೮೭

ಮತ್ತೆ ಮುಟ್ಟಾದೆ. ನಾದಿನಿ ತಾಯವ್ವ ಹಡೆಯಲು ಬಂದವಳು ಹಡೆದಳು. ಹೆಣ್ಣು.

೨೩-೨

ಹೆಸರಿಟ್ಟರು. ಪದ ಶಾರದವ್ವನ ಸೊಸೆ ಎತ್ತಿದಳು, ಎರಡು ಕಡೆ ತಪ್ಪಿದಳು. ನಾನು ಅಡಿಗೆಮನೆಯಲ್ಲಿ ಗುಗ್ಗರಿ ಕುದಿಸುತ್ತಿದ್ದೆ. ಕರೆಯಲಿಲ್ಲ ಯಾರೂ. ನನ್ನ ಮನೆಯದೇ ಕೋಣೆ, ಬಾಗಿಲ ಚೌಕಟ್ಟಿನವರೆಗೂ ಹೋಗಲಾಗಲಿಲ್ಲ.

೬-೩, ಮಧ್ಯಾಹ್ನ

ತಾಯವ್ವ ಜಳಕಕ್ಕೆ ಹೋದಳು. ಕೂಸು ಅತ್ತಿತು. ಒಳಗೆ ಯಾರೂ ಇರಲಿಲ್ಲ. ಹಗ್ಗ ಹಿಡಿದೆ — ಮೊದಲ ಸಲ. ಹಾಡಿದೆ, ಇದ್ದ ದನಿಯಲ್ಲೇ, ಕೆಳಗೆ ಕೆಳಗೆ. ಕೂಸು ಸುಮ್ಮನಾಯಿತು. ನನ್ನ ಹಳೇ ದನಿ ಅದಕ್ಕೆಲ್ಲಿ ಗೊತ್ತು? ಇದೇ ನನ್ನ ದನಿ ಅಂದುಕೊಂಡಿತು. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು.

ಕಟ್ಟೆಯ ಹತ್ತಿರ ಬಳೆ ಸಪ್ಪಳ. ಕೂಸು ನೋಡಲು ಬಂದ ಹೆಂಗಸರು. ಶಾರದವ್ವ ಅತ್ತೆಯನ್ನು ಕೇಳಿದ್ದು ಒಳಗೆ ಕೇಳಿಸಿತು: "ಒಳಗ ಗಂಡಸರು ಹಾಡಾಕತ್ತಾರಲ್ಲ, ಯಾರ ಬೇ ಹನಮವ್ವಾ?"

ಅತ್ತೆ ಅಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದರು. ಮೊದಲಿನಿಂದ ಎಲ್ಲ ಕೇಳಿದ್ದಾರೆ. ಮೊರದ ಸಪ್ಪಳ ನಿಂತಿತು.

"ನಮ್ಮ ಬಸವಣ್ಣೆಪ್ಪ" ಅಂದರು. "ಆಮ್ಯಾಲ ಬರ್ರಿ."

ಇವರು ಬೆಳಿಗ್ಗೆಯೇ ಗುಡಗೇರಿಗೆ ಹೋಗಿದ್ದಾರೆ.

ಬಾಯಿ ಮುಚ್ಚಿದೆ. ಹಗ್ಗ ಕೈಯಲ್ಲೇ ಇತ್ತು. ಕೂಸು ನನ್ನ ಬಾಯಿಯನ್ನೇ ನೋಡುತ್ತಿತ್ತು. ಮುಂದಿನ ಸಾಲು ನಾನು ತುಟಿಯಲ್ಲಷ್ಟೇ ಹಾಡಿದೆ, ದನಿ ಇಲ್ಲದೆ.