ಮೂರನೆಯ ಹಾಡಿಗೆ ನಿಂತ ಫೋನು

ಪಕ್ಕದ ಯಂತ್ರದವಳೇ,

ನಾವಿಬ್ಬರೂ ಹೊಲಿಯುತ್ತಾ ಕೇಳುತ್ತಿದ್ದ ಗಾಯಕಿಯ ಹೊಸ ಆಲ್ಬಂ ಬಂದಿದೆ. ಮೊದಲ ಹಾಡು ಸಪ್ಪೆ. ಎರಡನೆಯದರಲ್ಲಿ ಡ್ರಮ್ಮಿನ ಗಲಾಟೆಗೆ ಅವಳ ದನಿಯೇ ಕೇಳಿಸದು. ಮೂರನೆಯದು ನಿಧಾನದ ಹಾಡು, ಚೆನ್ನಾಗಿದೆ. ನಿನಗೆ ಹಿಡಿಸಲಿಕ್ಕಿಲ್ಲ, ನಿಧಾನದ್ದೆಂದರೆ ನಿನಗೆ ಆಕಳಿಕೆ.

ಅದನ್ನು ಕೇಳುತ್ತಾ ಪ್ಯಾಂಟೊಂದರ ಅಂಚು ಮಡಿಸುತ್ತಿದ್ದಾಗ ಹಾಡು ತಟ್ಟನೆ ನಿಂತಿತು. ಬೇರೊಂದು ಫೋನಿನಲ್ಲಿ ಹಾಡು ನಡೆಯುತ್ತಿದೆ ಎಂದು ಪರದೆ ತೋರಿಸಿತು. ಹಾಡಿನ ಆ್ಯಪಿನಲ್ಲಿ ನಮ್ಮಿಬ್ಬರಿಗೂ ಒಂದೇ ಖಾತೆ; ಒಬ್ಬಳು ಹಾಕಿದರೆ ಇನ್ನೊಬ್ಬಳದು ನಿಲ್ಲುತ್ತದೆ. ನೀನು ಅಂಗಡಿ ಬಿಟ್ಟು, ನನ್ನ ಜೊತೆ ಮಾತು ಬಿಟ್ಟ ಮೇಲೂ ಅದೊಂದು ಹಾಗೇ ಉಳಿದಿದೆ.

ಈಗ ನಿನ್ನ ಜಾಗದಲ್ಲಿ ಕೂರುವ ನನ್ನ ತಂಗಿ, "ಪಾಸ್‌ವರ್ಡ್ ಬದಲಾಯಿಸ್ಬಿಡಕ್ಕ, ಕಾಟ ತಪ್ಪತ್ತೆ" ಅಂದಳು.

"ನೋಡೋಣ ಬಿಡು" ಅಂದೆ.

ನೀನು ಹಾಕಿದ್ದೂ ಅದೇ ಆಲ್ಬಂ. ಸದ್ದಿಲ್ಲದ ಪರದೆಯಲ್ಲಿ ಹಾಡುಗಳ ಹೆಸರು ಬದಲಾಗುವುದನ್ನು ನೋಡುತ್ತಾ ಕೂತೆ. ಮೊದಲೆರಡನ್ನು ನೀನು ಅರ್ಧಕ್ಕೇ ದಾಟಿಸಿದೆ. ಮೂರನೆಯದನ್ನು ಪೂರ್ತಿ ಕೇಳಿದೆ. ಆಮೇಲೆ ಅದನ್ನೇ ಮತ್ತೆ ಮೊದಲಿನಿಂದ ಹಾಕಿದೆ.

ಯಾರ ಹಾಡು ನಿಲ್ಲುತ್ತದೋ ಅವಳು ಕೂಡಲೇ ಫೋನ್ ಮಾಡಿ ಬೈಯಬೇಕು ಎಂಬುದು ನಾವೇ ಮಾಡಿಕೊಂಡಿದ್ದ ಕಟ್ಟಳೆ. "ಲೇ ಕಳ್ಳಿ, ನನ್ನ ಹಾಡು ವಾಪಸ್ ಕೊಡೇ" ಅನ್ನುತ್ತಿದ್ದೆ ನೀನು.

ಇವತ್ತು ಬೈಯುವ ಸರದಿ ನನ್ನದಾಗಿತ್ತು. ಪ್ಯಾಂಟು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದೆ.